ಸೋರುವ ಸ್ಲ್ಯಾಬು, ಹಿಡಿದುಕೊಂಡ ಭುಜ, ಮನೆಗೆ ಬಂದ ಮುಧೋಳ ಮರಿ: ಯಾವುದು ಮೊದಲು?

ಹೆಂಚಿನಮನೆ_ಧಾರವಾಡ, ಏಪ್ರಿಲ್ 19

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಬೇರೆಯವರು ಬರೆದಿದ್ದನ್ನು ಓದುತ್ತಿದ್ದೇನೆ, ನಾನು ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಹೊರಗಿನವರ ಮಾತು ಬೇಕಾಗಿದೆ.

ನಮ್ಮದು ಮಾಳಮಡ್ಡಿ. ಮನೆಯ ಮುಂದಿನ ಅರ್ಧ ಹಳೇ ಕಾಲದ್ದು, ಮಂಗಳೂರು ಹೆಂಚು. ಹಿಂದಿನ ಅರ್ಧ, ಅಂದರೆ ಅಡುಗೆಮನೆ, ಬಚ್ಚಲು, ಒಂದು ಕೋಣೆ, ಇಷ್ಟಕ್ಕೆ ಮಾವನವರು 1994ರಲ್ಲಿ ಸ್ಲ್ಯಾಬು ಹಾಕಿಸಿದ್ದಾರೆ. ಮನೆಯಲ್ಲಿ ಮಾವನವರು (76 ವಯಸ್ಸು), ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡುವ ನಮ್ಮ ಯಜಮಾನರು, ನಾನು (46), ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟ್ ಕಾಯುತ್ತಿರುವ ಮಗಳು, ಏಳನೇ ಮುಗಿಸಿದ ಮಗ, ಬೆಳ್ಳಿ ಅನ್ನೋ ಬೆಕ್ಕು. ಮಾರ್ಚ್ ತನಕ ರಾಜ್ಯಾ ಕೂಡ ಇದ್ದ.

ರಾಜ್ಯಾ ಅಂದರೆ ನಮ್ಮ ನಾಯಿ. 13 ವರ್ಷ ನಮ್ಮ ಜೊತೆ ಇತ್ತು. ಶಿವರಾತ್ರಿ ಹೊತ್ತಿಗೆ ವಿಪರೀತ ನೀರು ಕುಡಿಯೋದು, ವಾಂತಿ, ಊಟ ಬಿಡೋದು ಶುರುವಾಯಿತು. ರಕ್ತ ಪರೀಕ್ಷೆ ಮಾಡಿ ಕಿಡ್ನಿ ಹೋಗಿದೆ ಅಂದರು. ಮೂರು ವಾರ ಸಲಾಯಿನ್ ಹಾಕಿಸಿದೆವು. ಕೊನೆ ರಾತ್ರಿ ಮಾವನವರು ಪಡಸಾಲೆಯಲ್ಲಿ ಅದರ ಪಕ್ಕ ಗೋಣಿಚೀಲದ ಮೇಲೇ ಕೂತಿದ್ದರು. ಅವತ್ತಿನಿಂದ ಬೆಳಗಿನ ವಾಕಿಂಗ್ ಬಿಟ್ಟಿದ್ದಾರೆ. ಕೋಲು ಬಾಗಿಲ ಹಿಂದೆ ಹಾಗೇ ನಿಂತಿದೆ.

ಇದನ್ನು ನೋಡಿ ರೋಣದ ಕಡೆ ಇರುವ ನಮ್ಮ ಯಜಮಾನರ ಕಾಕಾ ಹೋದ ವಾರ ಹೇಳದೆ ಕೇಳದೆ ಒಂದು ಮುಧೋಳ ಮರಿ ತಂದು ಬಿಟ್ಟು ಹೋದರು. "ನಾಯಿ ಇಲ್ಲದ ಮನಿ ಹೆಂಗ ಇರತೈತಿ" ಅಂತ. ಮರಿಗೆ ಸುಮಾರು ಐವತ್ತು ದಿನ. ಕಾಲು ಉದ್ದ, ಮೂತಿ ಉದ್ದ, ನೋಡೋಕೆ ಚೆಂದ. ಮಗ ಜಿಂಕೆ ಅಂತ ಹೆಸರಿಟ್ಟಾಯಿತು. ರಾತ್ರಿಯೆಲ್ಲಾ ಕುಂಯ್ ಕುಂಯ್. ಬೆಳ್ಳಿ ಮೂರು ದಿನದಿಂದ ಅಟ್ಟ ಬಿಟ್ಟು ಇಳಿದಿಲ್ಲ.

ಇದರ ನಡುವೆ ಬಚ್ಚಲ ಮೂಲೆಯಲ್ಲಿ ಸ್ಲ್ಯಾಬು ಸೋರಿ ಗಿಲಾಯಿ ಉದುರುತ್ತಿದೆ. ಗೌಂಡಿ ಬಂದು ನೋಡಿ, ಮೇಲಿಂದ ಪೂರ್ತಿ ಒಡೆದು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಬೇಕು, 85 ಸಾವಿರ ಆಗುತ್ತೆ ಅಂದ. ಮಿರಗ ಮಳೆ ಬರೋದರೊಳಗೆ ಮುಗಿಸಬೇಕು ಅಂತ ಇವರ ಅವಸರ.

ಮೂರನೇದು ನನ್ನದೇ. ಜನವರಿಯಿಂದ ಬಲಭುಜ ನೋವು. ಮೊದಲು ಮಲಗಿದ್ದು ಸರಿಯಾಗಿಲ್ಲ ಅಂದುಕೊಂಡೆ. ಈಗ ಕೈ ಕಿವಿ ತನಕ ಕೂಡ ಏಳಲ್ಲ. ರೊಟ್ಟಿ ಬಡಿಯೋಕೆ ಬರುತ್ತೆ, ಮೇಲಿನ ಫಳಿಯಿಂದ ಹಿಟ್ಟಿನ ಡಬ್ಬಿ ಇಳಿಸೋಕೆ ಬರಲ್ಲ. ಜಡೆ ಮಗಳು ಹಾಕುತ್ತಾಳೆ. ಪರಿಚಯದವರೊಬ್ಬರು ಎಣ್ಣೆ ತಿಕ್ಕುವವರ ಹತ್ತಿರ ಕಳಿಸಿದರು, ಆ ಮನುಷ್ಯ ಕೈ ಹಿಡಿದು ಒಂದೇ ಸಲ ಮೇಲಕ್ಕೆ ಜಗ್ಗಿದ. ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಇನ್ನೂ ಜಾಸ್ತಿ. ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಫ್ರೋಜನ್ ಶೋಲ್ಡರ್ ಅಂದರು, ಜೊತೆಗೆ ಶುಗರ್ ಪರೀಕ್ಷೆಗೂ ಬರೆದರು. ಖಾಲಿ ಹೊಟ್ಟೆಯಲ್ಲಿ 148, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.4. ಗುಳಿಗೆ ಶುರು ಮಾಡಿದ್ದಾರೆ. ಫಿಸಿಯೋಥೆರಪಿಗೆ ವಾರಕ್ಕೆ ಮೂರು ದಿನ ಬನ್ನಿ ಅಂದಿದ್ದಾರೆ. ಮನೆಯಲ್ಲಿ ಉಸುಕು, ಸಿಮೆಂಟು, ನಾಯಿಮರಿ ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ? ಮಳೆಗಾಲ ಕಳೆದ ಮೇಲೆ ಫಿಸಿಯೋಗೆ ಹೋದರೆ ನಡೆಯುತ್ತಾ? ಮರಿಯನ್ನು ಇಟ್ಟುಕೊಳ್ಳಬೇಕಾ, ವಾಪಸ್ ಕೊಟ್ಟರೆ ಕಾಕಾ ಸಿಟ್ಟಾಗುತ್ತಾರೆ. ಏನು ಮಾಡಲಿ ಹೇಳಿ.

ಗೌಂಡಿಯಲ್ಲದ_ಗದಗಿನವ, ಏಪ್ರಿಲ್ 19

ಅಕ್ಕಾ, ನಾಯಿ ಬಗ್ಗೆ ಭುಜದ ಬಗ್ಗೆ ನನಗೆ ಗೊತ್ತಿಲ್ಲ. ಸ್ಲ್ಯಾಬಿನ ಬಗ್ಗೆ ಹೇಳುತ್ತೇನೆ, ಹದಿನೆಂಟು ವರ್ಷದಿಂದ ಸೈಟ್ ಸೂಪರ್‌ವೈಸರ್ ಕೆಲಸ.

ಒಂದೇ ಪ್ರಶ್ನೆ. ಈಗ ಏಪ್ರಿಲ್. ನಿಮ್ಮ ಕಡೆ ಅಡ್ಡಮಳೆ ಇನ್ನೂ ಸರಿಯಾಗಿ ಬಿದ್ದಿಲ್ಲ ಅಂದುಕೊಳ್ಳುತ್ತೇನೆ. ಆ ಮೂಲೆಯ ಕಲೆ ಈಗ ಒಣಗಿದೆಯೋ ಒದ್ದೆ ಇದೆಯೋ? ಕೈ ಇಟ್ಟು ನೋಡಿ ಹೇಳಿ. ಮಳೆ ಇಲ್ಲದೆ ಒದ್ದೆ ಇದೆ ಅಂದರೆ ಅದು ಮಳೆ ನೀರಲ್ಲ ಅಲ್ವಾ? ಹಾಗಿದ್ದ ಮೇಲೆ ಸ್ಲ್ಯಾಬು ಪೂರ್ತಿ ಒಡೆದು ಏನು ಉಪಯೋಗ? ನೀರಿನ ಟ್ಯಾಂಕ್ ಎಲ್ಲಿದೆ, ಅದರ ಪೈಪು ಎಲ್ಲಿಂದ ಇಳಿಯುತ್ತೆ, ಅದನ್ನೂ ನೋಡಿ. ಅಲ್ಲಿ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಸುತ್ತಿಗೆ ಹಿಡಿದು ಬಂದವನಿಗೆ ಎಲ್ಲಾ ಒಡೆಯಬೇಕು ಅಂತಲೇ ಕಾಣುತ್ತೆ.

ಹೆಂಚಿನಮನೆ_ಧಾರವಾಡ, ಏಪ್ರಿಲ್ 20

ಅಣ್ಣಾ, ಕೈ ಇಟ್ಟು ನೋಡಿದೆ. ತಣ್ಣಗಿದೆ, ಒದ್ದೆನೇ. ಇನ್ನೊಂದು ವಿಷಯ ಮಗಳು ಹೇಳಿದಳು, ನಾನು ಗಮನಿಸಿರಲಿಲ್ಲ. ನಮ್ಮ ಕಡೆ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತೆ. ಬಂದ ದಿನ ಎಲ್ಲಾ ತುಂಬಿಸಿಕೊಂಡು ಮೋಟರ್ ಹಾಕಿ ಮೇಲಿನ ಟ್ಯಾಂಕೂ ತುಂಬಿಸುತ್ತೇವೆ. ಮಾರನೇ ದಿನವೇ ಕಲೆ ದೊಡ್ಡದಾಗುತ್ತಂತೆ, ಆಮೇಲೆ ಮೆಲ್ಲಗೆ ಚಿಕ್ಕದಾಗುತ್ತಂತೆ. ಅವಳು ಪೆನ್ಸಿಲ್‌ನಿಂದ ಗೋಡೆ ಮೇಲೆ ಗೆರೆ ಹಾಕಿ ಇಟ್ಟಿದ್ದಾಳೆ, ರಜೆಯಲ್ಲಿ ಬೇರೆ ಕೆಲಸ ಇಲ್ಲ. ಟ್ಯಾಂಕು ಸರಿಯಾಗಿ ಬಚ್ಚಲ ಮೇಲೇ ಇದೆ.

ಗೌಂಡಿಯಲ್ಲದ_ಗದಗಿನವ, ಏಪ್ರಿಲ್ 20

ಮಗಳನ್ನು ಸಿವಿಲ್ ಎಂಜಿನಿಯರಿಂಗ್‌ಗೆ ಕಳಿಸಿ.

ತೊಂದರೆ ಟ್ಯಾಂಕಿನದು. ಒಂದೋ ತುಂಬಿ ಹರಿಯುತ್ತಿದೆ, ಇಲ್ಲಾ ಕೆಳಗೆ ಇಳಿಯುವ ಪೈಪಿನ ಬೆಂಡು ಜಾಯಿಂಟ್ ಬಿಟ್ಟಿದೆ. ಮೊದಲು ಪ್ಲಂಬರ್ ಕರೆಸಿ, ಗೌಂಡಿಯನ್ನಲ್ಲ. ಅದಾದ ಮೇಲೆ ಮಳೆನೀರು ಹೋಗುವ ತೂತುಗಳನ್ನು ಕ್ಲೀನ್ ಮಾಡಿಸಿ, ಬೇವಿನ ಎಲೆ ತುಂಬಿರುತ್ತೆ. ಪೈಪ್ ರಿಪೇರಿ ಆಗಿ, ಕಲೆ ಒಂದು ವಾರ ಪೂರ್ತಿ ಒಣಗಿದ ಮೇಲೆ, ಆ ತೂತುಗಳಿಗೆ ಬಟ್ಟೆ ತುರುಕಿ ಸ್ಲ್ಯಾಬಿನ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗೆ ಹನಿ ಕಾಣಲಿಲ್ಲ ಅಂದರೆ ಒಡೆಯೋದೇ ಬೇಡ. ಬಿರುಕು ಇದ್ದ ಕಡೆ, ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ ತುಂಬಿಸಿ, ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಸಿದರೆ ಸಾಕು. ನೀರು ನಿಲ್ಲಿಸಿದ ಮೇಲೆ ಸ್ಲ್ಯಾಬು ಚೆನ್ನಾಗಿ ಒಣಗಬೇಕು, ಒದ್ದೆ ಮೇಲೆ ಹೊಡೆದರೆ ಗುಳ್ಳೆ ಎದ್ದು ಸಿಪ್ಪೆ ಬರುತ್ತೆ. ಮಧ್ಯಾಹ್ನದ ಬಿಸಿಲಲ್ಲೂ ಬೇಡ. ಸ್ಲ್ಯಾಬು ಹೆಂಚಿನ ತರ ಕಾದಿರುತ್ತೆ, ಹೊಡೆದ ಕೂಡಲೇ ಒಣಗಿ ಬಿರಿಯುತ್ತೆ. ಬೆಳಿಗ್ಗೆ ಬೇಗ ಇಲ್ಲಾ ಸಂಜೆ. ಮೊದಲ ಕೋಟ್ ಉದ್ದಕ್ಕೆ, ಎರಡನೇದು ಅಡ್ಡಕ್ಕೆ.

ಒಂದು ಮಾತು ಸೇರಿಸುತ್ತೇನೆ. ನಮ್ಮ ಗದಗ ಕಡೆ ಎರೆ ಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಬುನಾದಿಯನ್ನೇ ಅಲ್ಲಾಡಿಸಿ ಗೋಡೆ ಬಿರುಕು ಬಿಡಿಸುತ್ತೆ. ಅಂಥ ಬಿರುಕಿಗೆ ಮೇಲೆ ಏನು ಬಳಿದರೂ ಮುಂದಿನ ವರ್ಷ ಮತ್ತೆ ಬಾಯಿ ಬಿಡುತ್ತೆ. ನಿಮ್ಮ ಮನೆಯ ಕೆಳಗೆ ಯಾವ ಮಣ್ಣಿದೆ ಅಂತ ಮಾವನವರಿಗೆ ಗೊತ್ತಿರುತ್ತೆ, ಬುನಾದಿ ತೆಗೆಸಿದವರು ಅವರೇ ತಾನೆ.

ಬಾದಾಮಿಯಿಂದ_ಹುಬ್ಬಳ್ಳಿಗೆ, ಏಪ್ರಿಲ್ 20

ಮುಧೋಳ ನಾಯಿ ವಿಷಯಕ್ಕೆ ಬರುತ್ತೇನೆ. ನಮ್ಮ ಅಪ್ಪನ ಕಾಲದಿಂದ ಹೊಲದ ಮನೆಯಲ್ಲಿ ಸಾಕಿದ್ದೇವೆ. ಮುಧೋಳ ಇರೋದು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ. 2005ರಲ್ಲಿ ಅಂಚೆ ಚೀಟಿ ಮೇಲೆ ಕೂಡ ಬಂದ ನಾಯಿ, ನಮಗೆ ಹೆಮ್ಮೆ ಇದೆ. ಆದರೆ ಹೆಮ್ಮೆಗೋಸ್ಕರ ಸಾಕೋ ನಾಯಿ ಅಲ್ಲ ಅದು.

ಅದು ಮೊಲ ಓಡಿಸಿಕೊಂಡು ಹೋಗೋಕೆ ಹುಟ್ಟಿದ್ದು. ಮೂಗಿಗಿಂತ ಕಣ್ಣು ಚುರುಕು. ದೂರದಲ್ಲಿ ಏನಾದರೂ ಓಡಿತು ಅಂದರೆ ಇದೂ ಓಡಿತು, ಕರೆದರೆ ಕೇಳಿಸಲ್ಲ. ಒಂದು ವರ್ಷಕ್ಕೆ ಎರಡು ಅಡಿಗಿಂತ ಎತ್ತರ ಆಗುತ್ತೆ. ದಿನಾ ಬಿಟ್ಟು ಓಡಿಸೋಕೆ ಬಯಲು ಬೇಕು. ಮಾಳಮಡ್ಡಿ ಗಲ್ಲಿಯಲ್ಲಿ ಸರಪಳಿ ಹಾಕಿ ಕಟ್ಟಿದರೆ ಚಪ್ಪಲಿ, ಸೋಫಾ, ಬಾಗಿಲ ಚೌಕಟ್ಟು ಎಲ್ಲಾ ಕಡಿಯುತ್ತೆ, ತಪ್ಪು ಅದರದ್ದಲ್ಲ. 76 ವರ್ಷದವರು ಕೋಲು ಹಿಡಿದು ಅದನ್ನು ವಾಕಿಂಗ್ ಕರೆದುಕೊಂಡು ಹೋಗೋಕಾಗುತ್ತಾ? ಅದು ಒಂದು ಸಲ ಜಗ್ಗಿದರೆ ಸಾಕು, ಮಾವನವರ ಸೊಂಟ ಮುರಿಯುತ್ತೆ. ನಿಮ್ಮ ಭುಜದ ಗತಿಯೂ ಅದೇ. ಬೆಕ್ಕು ಬೇರೆ ಇದೆ ಅಂತೀರಿ. ಮರಿಯಿಂದ ಜೊತೆಗೆ ಬೆಳೆದರೆ ಕೆಲವು ಹೊಂದಿಕೊಳ್ಳುತ್ತವೆ. ಆದರೂ ಬೆಕ್ಕು ಓಡಿದರೆ ಅದರ ತಲೆಯಲ್ಲಿ ಏನು ನಡೆಯುತ್ತೆ ಅಂತ ಹೇಳೋಕಾಗಲ್ಲ.

ವಾಪಸ್ ಕೊಡುವ ಮುಂಚೆ, ಇಟ್ಟುಕೊಂಡರೂ ಅಷ್ಟೇ, ಪಾರ್ವೋ ಲಸಿಕೆ ಹಾಕಿಸಿ. ಆರರಿಂದ ಎಂಟು ವಾರಕ್ಕೆ ಮೊದಲನೇದು, ಆಮೇಲೆ ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರ ಆಗುವ ತನಕ. ರೇಬೀಸಿಗೆ ಮೂರು ತಿಂಗಳಾದಾಗ. ಲಸಿಕೆ ಪೂರ್ತಿ ಆಗುವ ತನಕ ರಸ್ತೆಗೆ ಬಿಡಬೇಡಿ, ಪಾರ್ವೋ ರೋಗಾಣು ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ನನ್ನ ಒಂದು ಮರಿ ಮೂರೇ ದಿನದಲ್ಲಿ ಹೋಯಿತು, ರಕ್ತ ಭೇದಿ.

ಸಿಮೆಂಟ್ ಕೆಲಸ ನಡೆಯುವಾಗ ಮರಿ ಎಲ್ಲಿರುತ್ತೆ ಅಂತ ಈಗಲೇ ಯೋಚಿಸಿ. ಹಸಿ ಸಿಮೆಂಟು ನೆಕ್ಕಿದರೆ ಬಾಯಿ ಸುಡುತ್ತೆ, ಪಾದಕ್ಕೂ ಕೆಟ್ಟದ್ದು. ನಿಮ್ಮ ನೋವಿನ ಗುಳಿಗೆಗಳನ್ನೂ ಅದಕ್ಕೆ ಸಿಗದ ಹಾಗೆ ಇಡಿ. ನಮಗೆ ಕೊಡುವ ನೋವಿನ ಗುಳಿಗೆ ಎಷ್ಟೋ ನಾಯಿಗೂ ಬೆಕ್ಕಿಗೂ ವಿಷ.

ಕಟಕಟೆ_ಕಾಮೆಂಟು, ಏಪ್ರಿಲ್ 20

ಮುಧೋಳ ನಾಯಿ ಪುಕ್ಕಟೆ ಸಿಕ್ಕಿದೆ, ಜನ ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ವಾಪಸ್ ಯಾಕೆ? ಮನೆ ಮುಂದೆ ಕಟ್ಟಿದರೆ ಒಂದು ಮರ್ಯಾದೆ ಇರುತ್ತೆ.

ಬಾದಾಮಿಯಿಂದ_ಹುಬ್ಬಳ್ಳಿಗೆ, ಏಪ್ರಿಲ್ 20

ಮರ್ಯಾದೆಗೆ ಬಾಗಿಲಿಗೆ ಒಂದು ತೋರಣ ಕಟ್ಟಿ. ಅದಕ್ಕೆ ಓಡೋಕೆ ಜಾಗ ಬೇಕಾಗಲ್ಲ.

ನಾಲ್ಕನೇ_ಕುರ್ಚಿ, ಏಪ್ರಿಲ್ 21

ತಂಗೀ, ನಾನು ಹಾವೇರಿ, ನಿವೃತ್ತ ಶಿಕ್ಷಕಿ. ಎಡಭುಜ ಹಿಡಿದು ಹದಿನಾಲ್ಕು ತಿಂಗಳು ಒದ್ದಾಡಿ, ಅದು ಬಿಟ್ಟಿತು ಅನ್ನುವಷ್ಟರಲ್ಲಿ ಬಲಭುಜ ಹಿಡಿಯಿತು. ಫಿಸಿಯೋ ಕ್ಲಿನಿಕ್ಕಿನ ನಾಲ್ಕನೇ ಕುರ್ಚಿ ನನ್ನದೇ ಅಂತ ಅಲ್ಲಿಯವರೆಲ್ಲಾ ನಗುತ್ತಿದ್ದರು, ಅದಕ್ಕೇ ಈ ಹೆಸರು.

ಮಳೆಗಾಲ ಕಳೆದ ಮೇಲೆ ಹೋಗ್ತೀನಿ ಅಂತ ಬರೆದಿದ್ದೀರಲ್ಲ, ನಾನು ಮಗಳ ಮದುವೆ ಆದ ಮೇಲೆ ಹೋಗ್ತೀನಿ ಅಂದಿದ್ದೆ. ಮದುವೆಯಲ್ಲಿ ಅಕ್ಷತೆ ಹಾಕೋಕೆ ಕೈ ಏಳಲಿಲ್ಲ. ಫೋಟೋದಲ್ಲಿ ನೋಡಿದರೆ ಎಲ್ಲರ ಕೈ ಮೇಲಿದೆ, ನನ್ನದು ಸೊಂಟದ ಹತ್ತಿರ.

ನನಗೆ ಹೇಳಿದ್ದನ್ನೇ ಹೇಳುತ್ತೇನೆ. ಭುಜದ ಕೀಲಿನ ಸುತ್ತ ಇರುವ ಚೀಲ ಉರಿಯೂತ ಬಂದು ದಪ್ಪಗಾಗಿ ಬಿಗಿದುಕೊಳ್ಳುತ್ತೆ. ಮೊದಲು ನೋವಿನ ಕಾಲ, ಆಮೇಲೆ ನೋವು ಕಮ್ಮಿಯಾಗಿ ಬಿಗಿತ ಜಾಸ್ತಿ ಆಗುವ ಕಾಲ, ಕೊನೆಗೆ ಸಡಿಲ ಆಗುವ ಕಾಲ. ಎಲ್ಲಾ ಸೇರಿ ಒಂದರಿಂದ ಮೂರು ವರ್ಷ. ನಲವತ್ತರಿಂದ ಅರವತ್ತು ವಯಸ್ಸಿನವರಿಗೆ, ಹೆಂಗಸರಿಗೆ ಜಾಸ್ತಿ, ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ. ಎಷ್ಟೋ ಜನರಿಗೆ ಭುಜ ತೋರಿಸೋಕೆ ಹೋದಾಗಲೇ ಶುಗರ್ ಇದೆ ಅಂತ ಗೊತ್ತಾಗೋದು, ನಿಮಗೆ ಆದ ಹಾಗೆ. ಆ ಎಣ್ಣೆ ಮನುಷ್ಯ ಜಗ್ಗಿದ್ದು ನೋವಿನ ಕಾಲದಲ್ಲಿ. ಆಗ ಜಗ್ಗಲೇಬಾರದು. ಇನ್ನು ಯಾರ ಕೈಗೂ ಕೈ ಕೊಡಬೇಡಿ, ಫಿಸಿಯೋ ಬಿಟ್ಟು.

ಅವರು ಹೇಳಿಕೊಡುವ ವ್ಯಾಯಾಮ ನೋಡೋಕೆ ಏನೂ ಇಲ್ಲ ಅನಿಸುತ್ತೆ. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಾಡಿಸೋದು. ಗೋಡೆ ಮೇಲೆ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೆಲ್ಲಗೆ ಹತ್ತಿಸೋದು. ಟವೆಲ್ ಬೆನ್ನ ಹಿಂದೆ ಹಿಡಿದು ಒಳ್ಳೇ ಕೈಯಿಂದ ಎಳೆಯೋದು. ಮೊದಲು ಬಿಸಿ ಕಾವು ಕೊಟ್ಟುಕೊಂಡು ಮಾಡಿ. ದಿನಕ್ಕೆ ಮೂರ್ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಯಾವುದು ಯಾವಾಗ ಅಂತ ಮಾತ್ರ ಅವರನ್ನೇ ಕೇಳಿ. ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡೋಣ ಅಂದರೆ ಹೆದರಬೇಡಿ, ನನಗೆ ಅದರಿಂದಲೇ ನಿದ್ದೆ ಬಂದಿದ್ದು. ಆದರೆ ನಿಮಗೆ ಶುಗರ್ ಇದೆ ಅಂತ ನೆನಪಿಸಿ, ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತೆ.

ಹಿಟ್ಟಿನ ಡಬ್ಬಿಯನ್ನು ಕೆಳಗಿನ ಫಳಿಗೆ ಇಳಿಸಿ. ಇದಕ್ಕೆ ಡಾಕ್ಟರ್ ಬೇಕಾಗಿಲ್ಲ.

ಸುಮ್ನೆ_ನೋಡ್ತೀನಿ, ಏಪ್ರಿಲ್ 22

ಎಲ್ಲಾ ಓದಿದೆ. ಕಾಕಾ ಹೇಳಿದ್ದು ಬಂತು, ಗೌಂಡಿ ಹೇಳಿದ್ದು ಬಂತು, ಯಜಮಾನರ ಅವಸರ ಬಂತು. ನಾಯಿ ಬಂದಿರೋದು ಮಾವನವರಿಗೋಸ್ಕರ ಅಲ್ವಾ? ಅವರನ್ನು ಯಾರಾದರೂ ಕೇಳಿದ್ರಾ?

ಹೆಂಚಿನಮನೆ_ಧಾರವಾಡ, ಏಪ್ರಿಲ್ 24

ಕೇಳಿರಲಿಲ್ಲ. ಓದಿ ನಾಚಿಕೆಯಾಯಿತು.

ನಿನ್ನೆ ಸಂಜೆ ಚಹಾ ಕೊಡುವಾಗ ಕೇಳಿದೆ, "ಮಾವಾರೀ, ಈ ಮರಿ ಇಟ್ಕೊಳ್ಳೋಣೇನ್ರಿ?" ಅಂತ. ಅವರು ಕಪ್ಪು ಬಸಿ ಎರಡೂ ಕೆಳಗಿಟ್ಟು "ನನಗ ಯಾವ ನಾಯಿನೂ ಬ್ಯಾಡವಾ" ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಮಗ ಬಾಯಿ ಬಿಟ್ಟ. "ಮತ್ತ ಪುಟ್ಟಿಗೆ ದಿನಾ ರೊಟ್ಟಿ ಯಾಕ ಹಾಕ್ತೀಯಜ್ಜಾ?"

ಪುಟ್ಟಿ ಯಾರು ಅಂತ ನನಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ನಮ್ಮ ಹಿತ್ತಲ ಗೋಡೆಯಾಚೆ ಉಸುಕಿನ ಗುಡ್ಡೆ ಇದೆ, ಪಕ್ಕದವರು ಮನೆ ಕಟ್ಟಿಸುತ್ತಿದ್ದಾರೆ. ಅಲ್ಲಿ ಒಂದು ಬೀದಿ ನಾಯಿಮರಿ, ಕಂದು ಬಣ್ಣ, ಒಂದು ಕಿವಿ ನಿಂತಿದೆ ಒಂದು ಬಿದ್ದಿದೆ. ಮಾವನವರು ಮಧ್ಯಾಹ್ನ ಎಲ್ಲರೂ ಮಲಗಿದಾಗ ರೊಟ್ಟಿ ಹಾಲಲ್ಲಿ ನೆನೆಸಿಕೊಂಡು ಹೋಗಿ ಹಾಕಿ ಬರುತ್ತಾರಂತೆ, ಯುಗಾದಿ ಮುಗಿದಾಗಿನಿಂದ. ರೊಟ್ಟಿ ಲೆಕ್ಕ ತಪ್ಪುತ್ತಿದೆ ಅಂತ ನಾನು ಮಗಳನ್ನು ಬೈಯುತ್ತಿದ್ದೆ.

ಹೋಗಿ ನೋಡಿದೆ. ಕಿವಿ ತುಂಬಾ ರಕ್ತ ಹೀರುವ ಉಣ್ಣೆ ಹುಳ. ಮಾವನವರನ್ನು ನೋಡಿ ಅದು ಬಾಲ ಅಲ್ಲ, ಅರ್ಧ ಮೈಯನ್ನೇ ಅಲ್ಲಾಡಿಸುತ್ತಿತ್ತು. ಅದನ್ನು ಎತ್ತಿಕೊಳ್ಳೋಕೆ ಹೋದಾಗ ಅವರ ಮುಂಗೈ ಮೇಲೆ ಎರಡು ಚಿಕ್ಕ ಗಾಯ ಕಂಡಿತು, ಒಣಗಿದೆ. ಏನ್ರಿ ಇದು ಅಂದರೆ, ಹೋದ ವಾರ ಆಡುವಾಗ ಹಲ್ಲು ತಾಗಿತು, ಸ್ವಲ್ಪ ರಕ್ತ ಬಂತು, ಅರಿಶಿನ ಹಚ್ಚಿಕೊಂಡೆ ಅಂತಾರೆ. ಮರಿ ಈಗಲೂ ಚೆನ್ನಾಗಿಯೇ ಓಡಾಡುತ್ತಿದೆ. ಇದಕ್ಕೂ ಇಂಜೆಕ್ಷನ್ ಬೇಕಾ? ವಾರ ಆಗಿಹೋಯಿತಲ್ಲ?

ನರ್ಸಕ್ಕ_ನಡುರಾತ್ರಿ, ಏಪ್ರಿಲ್ 24

ಬೇಕು. ಸ್ಲ್ಯಾಬು, ಭುಜ, ಕಾಕಾ ಎಲ್ಲಾ ಪಕ್ಕಕ್ಕಿಡಿ, ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ.

ವಾರ ಆಯಿತು ಅಂತ ಬಿಡೋ ಹಾಗಿಲ್ಲ, ತಡವಾದರೂ ಶುರು ಮಾಡಲೇಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳೋಕೆ ಔಷಧಿ ಇಲ್ಲ. ಮರಿ ಚಿಕ್ಕದು, ಆಟಕ್ಕೆ ಕಚ್ಚಿದ್ದು, ಇವೆಲ್ಲ ಲೆಕ್ಕಕ್ಕಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಪುಕ್ಕಟೆ. ಚರ್ಮದಲ್ಲಿ ಕೊಡುವ ಕ್ರಮ ಆದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ತೋಳಿನ ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಒಂದು. ರಕ್ತ ಬಂದಿತ್ತು ಅಂತ ಮರೆಯದೆ ಹೇಳಿ, ಹಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಅಂತ, ರೋಗಾಣುವನ್ನು ಕೂಡಲೇ ತಡೆಯುವ ಇನ್ನೊಂದು ಇಂಜೆಕ್ಷನ್ ಕೂಡ ಕೊಡುತ್ತಾರೆ. ಮರಿಯ ಮೇಲೆ ಕಣ್ಣಿಡಿ, ಆದರೆ ಅದು ಚೆನ್ನಾಗಿದೆ ಅಂತ ಲಸಿಕೆ ನಿಲ್ಲಿಸೋದನ್ನು ನೀವೇ ತೀರ್ಮಾನ ಮಾಡಬೇಡಿ. ಮುಂದೆ ಯಾರಿಗೇ ಕಚ್ಚಿದರೂ ಮೊದಲು ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಹೌದು, ಖಾರದಪುಡಿ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ.

ನಿಮ್ಮ ಮಗನನ್ನೂ ಕೇಳಿ. ಅಜ್ಜನ ಗುಟ್ಟು ಗೊತ್ತಿದ್ದ ಹುಡುಗ ಆ ಮರಿಯನ್ನು ಮುಟ್ಟದೆ ಬಿಟ್ಟಿರುತ್ತಾನಾ?

ಬಾದಾಮಿಯಿಂದ_ಹುಬ್ಬಳ್ಳಿಗೆ, ಏಪ್ರಿಲ್ 25

ನರ್ಸಕ್ಕನ ಮಾತು ಕೇಳಿ. ಉಣ್ಣೆ ಬಗ್ಗೆ ನಾನು ಒಂದು ಹೇಳುತ್ತೇನೆ. ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತೆ. ಡಾಕ್ಟರ್ ಮರಿಯನ್ನು ತೂಕ ಮಾಡಿ ಔಷಧಿ ಕೊಡುತ್ತಾರೆ. ನಾಯಿ ಉಣ್ಣೆ ರಕ್ತ ಕುಡಿದು ದಪ್ಪಗಾದ ಮೇಲೆ ಮೈಯಿಂದ ಇಳಿದು ಗೋಡೆ ಹತ್ತಿ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ. ನೀವು ಹೇಗೂ ಗೋಡೆ ಕೆಲಸ ಮಾಡಿಸುತ್ತಿದ್ದೀರಿ, ಪಡಸಾಲೆಯ ಕೆಳಗಿನ ಬಿರುಕುಗಳನ್ನೂ ಫರಸಿ ಸಂದಿಯನ್ನೂ ಅದೇ ಸಿಮೆಂಟಿನಲ್ಲಿ ತುಂಬಿಸಿಬಿಡಿ.

ಹೆಂಚಿನಮನೆ_ಧಾರವಾಡ, ಮೇ 12

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಗಳು ಪಾಸಾದಳು, ಅದರ ಗಡಿಬಿಡಿ. ಪೇಢೆ ಇಲ್ಲಿಂದ ಕಳಿಸೋಕಾಗಲ್ಲ, ಧಾರವಾಡಕ್ಕೆ ಬಂದಾಗ ತಿನ್ನಿ.

ಮಾವನವರಿಗೆ ಏಪ್ರಿಲ್ 25ಕ್ಕೆ ಶುರುವಾಯಿತು. 28ಕ್ಕೆ, ಮೇ 2ಕ್ಕೆ ಆಯಿತು, ಇನ್ನೊಂದು 23ಕ್ಕೆ. ಗಾಯದ ಹತ್ತಿರವೂ ಕೊಟ್ಟರು, ಅದು ನೋವಾಯಿತಂತೆ. ನರ್ಸಕ್ಕಾ, ನಿಮ್ಮ ಅಂದಾಜು ಸರಿ. ಮಗನ ಮೊಣಕಾಲ ಹತ್ತಿರ ಪರಚಿದ ಗುರುತು ಸಿಕ್ಕಿತು, ಅವನಿಗೂ ಹಾಕಿಸಿದೆವು. ಅಜ್ಜ ಮೊಮ್ಮಗ ಇಬ್ಬರೂ ಒಂದೇ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿದ್ದರು, ಹೋಮ್‌ವರ್ಕ್ ಮಾಡದ ಹುಡುಗರ ಹಾಗೆ.

ಜಿಂಕೆಯನ್ನು ಮೊದಲ ಲಸಿಕೆ ಹಾಕಿಸಿ, ಕಾರ್ಡು ಮಾಡಿಸಿ ರೋಣಕ್ಕೆ ವಾಪಸ್ ಕಳಿಸಿದೆವು. ಕಾಕಾ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವರೇ ವಿಡಿಯೋ ಕಳಿಸಿದರು, ಬಣವೆ ಪಕ್ಕ ಕಾಲು ಕಾಲಿಗೆ ಸಿಕ್ಕಿಸಿಕೊಂಡು ಓಡುತ್ತಿದೆ. ಮಗ ಒಂದು ದಿನ ಊಟ ಬಿಟ್ಟ. ಪುಟ್ಟಿಯನ್ನು ಒಳಗೆ ತಂದೆವು. ಪಶು ಆಸ್ಪತ್ರೆಯಲ್ಲಿ ಹಲ್ಲು ನೋಡಿ ಮೂರು ತಿಂಗಳಿರಬಹುದು ಅಂದರು. ಲಸಿಕೆ, ಜಂತಿನ ಔಷಧಿ, ಉಣ್ಣೆಗೆ ಔಷಧಿ ಎಲ್ಲಾ ಆಯಿತು. ಬೆಳ್ಳಿ ಅಟ್ಟದಿಂದ ಇಳಿದು ಅದಕ್ಕೆ ಮೂತಿಯ ಮೇಲೆ ಒಂದು ಏಟು ಕೊಟ್ಟಿದೆ, ಈಗ ಮನೆಯ ಯಜಮಾನಿ ಯಾರು ಅಂತ ಪುಟ್ಟಿಗೆ ಗೊತ್ತು.

ಸ್ಲ್ಯಾಬು: ಗದಗಿನ ಅಣ್ಣ ಹೇಳಿದ್ದೇ. ಟ್ಯಾಂಕಿನ ಕೆಳಗಿನ ಬೆಂಡು ಬಿರುಕು ಬಿಟ್ಟಿತ್ತು, ಎಲೆಯ ಕೆಳಗೆ ಮುಚ್ಚಿಹೋಗಿತ್ತು. ಪ್ಲಂಬರ್‌ಗೆ 900 ಕೊಟ್ಟೆವು. ಮಗಳ ಪೆನ್ಸಿಲ್ ಗೆರೆಯಿಂದ ಕಲೆ ಒಳಗೊಳಗೆ ಸರಿದು ಹತ್ತು ದಿನಕ್ಕೆ ಬಿಳಿ ಉಪ್ಪು ಮಾತ್ರ ಉಳಿಯಿತು. ನೀರು ನಿಲ್ಲಿಸಿ ನೋಡಿದೆವು. ನೀರಿನ ಅಭಾವದ ಕಾಲದಲ್ಲಿ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸುತ್ತೀರಾ ಅಂತ ಪಕ್ಕದ ಮನೆಯವರು ವಿಚಿತ್ರವಾಗಿ ನೋಡಿದರು, ಆಮೇಲೆ ಅದೇ ನೀರನ್ನು ಅವರ ಹೊಸ ಗೋಡೆ ಕ್ಯೂರಿಂಗಿಗೆ ಬಕೆಟ್ಟಿನಲ್ಲಿ ಕೊಟ್ಟೆವು. ಒಂದು ಮೂಲೆ ಬಿಟ್ಟು ಎಲ್ಲೂ ಹನಿ ಇಲ್ಲ. ಆ ಮೂಲೆ ತುಂಬಿಸಿ ಎರಡು ಕೋಟ್ ಹೊಡೆಸಿದೆವು. ಎಲ್ಲಾ ಸೇರಿ 19 ಸಾವಿರದ ಚಿಲ್ಲರೆ. ಬುನಾದಿ ಬಗ್ಗೆ ಮಾವನವರನ್ನು ಕೇಳಿದೆ, ಕೆಂಪು ಮಣ್ಣು, ಕೆಳಗೆ ಮೊರಂ (ಗಟ್ಟಿ ಜಲ್ಲಿಮಣ್ಣು) ಅಂದರು. ಆಮೇಲೆ ಒಂದು ಗಂಟೆ 1994ರ ಸಿಮೆಂಟ್ ರೇಟು ಹೇಳುತ್ತಾ ಕೂತರು. ಮಾರ್ಚ್ ನಂತರ ಅವರು ಅಷ್ಟು ಮಾತಾಡಿದ್ದು ಅವತ್ತೇ.

ಭುಜಕ್ಕೆ ಫಿಸಿಯೋ ಶುರು ಮಾಡಿದ್ದೇನೆ, ಆರು ಸಲ ಆಯಿತು. ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಗೋಡೆ ಮೇಲೆ ಬೆರಳು ಹತ್ತಿಸುತ್ತೇನಲ್ಲ, ಅಲ್ಲೂ ಮಗಳು ಪೆನ್ಸಿಲ್ ಗೆರೆ ಹಾಕುತ್ತಿದ್ದಾಳೆ. ಮೊದಲ ಗೆರೆಗೂ ಇವತ್ತಿನ ಗೆರೆಗೂ ಎರಡು ಬೆರಳಿನಷ್ಟು ಅಂತರ.

ನಾಲ್ಕನೇ_ಕುರ್ಚಿ, ಮೇ 12

ಎರಡು ಬೆರಳು ಕಮ್ಮಿ ಅಲ್ಲ. ನನಗೆ ಮೊದಲ ತಿಂಗಳು ಒಂದೂ ಇರಲಿಲ್ಲ. ಶುಗರ್ ಮತ್ತೆ ನೋಡಿಸಿದ್ರಾ? ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ಮಾವಿನ ಹಣ್ಣಿನ ಕಾಲ, ಆಪೂಸ್ ಬುಟ್ಟಿ ಮನೆಗೆ ಬಂದಿರುತ್ತೆ, ನನಗೆ ಗೊತ್ತು.

ಹೆಂಚಿನಮನೆ_ಧಾರವಾಡ, ಮೇ 13

ಬಂದಿದೆ ಅಕ್ಕಾ. ದಿನಕ್ಕೆ ಎರಡು ಹೋಳು. ಮಗ ಎಣಿಸುತ್ತಾನೆ. ಈ ಮನೆಯಲ್ಲಿ ಈಗ ಎಲ್ಲದಕ್ಕೂ ಲೆಕ್ಕ ಇಡುವವರೇ.

ಹೆಂಚಿನಮನೆ_ಧಾರವಾಡ, ಜೂನ್ 9

ಮೊನ್ನೆ ರಾತ್ರಿ ಜೋರು ಮಳೆ ಬಂತು. ಎರಡು ಗಂಟೆಗೆ ಎಚ್ಚರ ಆಯಿತು, ಅಭ್ಯಾಸಬಲ ನೋಡಿ, ಎದ್ದು ಕತ್ತಲಲ್ಲೇ ಬಚ್ಚಲಿಗೆ ಬಕೆಟ್ ಒಯ್ದು ಇಟ್ಟೆ. ನಿಂತು ಕೇಳಿದೆ, ಹನಿ ಸದ್ದು ಇಲ್ಲ. ಕೈ ಇಟ್ಟು ನೋಡಿದೆ, ಮೂಲೆ ಒಣಗಿದೆ. ಖುಷಿಯಿಂದ ಪಡಸಾಲೆಗೆ ಬಂದರೆ ಅಲ್ಲಿ ಟಪ್ ಟಪ್ ಅಂತಿದೆ. ಹೆಂಚಿನ ಕಡೆ! ಮಾವನವರ ಮಂಚದ ಪಕ್ಕದಲ್ಲೇ ಬೀಳುತ್ತಿತ್ತು, ಅವರು ಮಂಚ ಸರಿಸಿಕೊಂಡು ಮಲಗಿದ್ದಾರೆ, ಪುಟ್ಟಿ ಮಂಚದ ಕೆಳಗೆ. ಬೆಳಿಗ್ಗೆ ನೋಡಿದರೆ ನಾಲ್ಕು ಹೆಂಚು ಸರಿದಿವೆ, ಒಂದು ಒಡೆದಿದೆ. ಮಂಗಗಳ ಕೆಲಸ. ಹುಣಸೆ ಮರದಿಂದ ನೇರ ನಮ್ಮ ಹೆಂಚಿನ ಮೇಲೇ ಹಾರುತ್ತವೆ.

ಮಾವನವರು ಬೆಳಿಗ್ಗೆ ಪುಟ್ಟಿಯನ್ನು ಕರೆದುಕೊಂಡು ರಸ್ತೆಯ ಕೊನೆ ತನಕ ಹೋಗಿ ಬರುತ್ತಾರೆ. ಅದರ ಲಸಿಕೆಗಳೂ ಮುಗಿದಿವೆ. ಕೋಲು ಬಾಗಿಲ ಹಿಂದೆ ಇಲ್ಲ. ನನ್ನ ಭುಜದ ಗೆರೆ ಮೇಲೆ ಹೋಗಿದೆ, ಆದರೆ ಜಡೆ ಇನ್ನೂ ಅರ್ಧ ತನಕ ನಾನು, ಅಲ್ಲಿಂದ ಮಗಳು. ರಾತ್ರಿ ನೋವು ಕಮ್ಮಿ.

ಈಗ ಇನ್ನೊಂದು ಪ್ರಶ್ನೆ. ಹೆಂಚನ್ನು ತಂತಿ ಹಾಕಿ ಕಟ್ಟಿಸಿದರೆ ಮಂಗ ಸರಿಸೋಕಾಗಲ್ಲ ಅಂತಾರೆ, ನಿಜವಾ? ಹಳೇ ಹೆಂಚಿಗೆ ತಂತಿಯ ತೂತು ಇಲ್ಲದಿದ್ದರೆ ಏನು ಮಾಡ್ತಾರೆ?

ಗೌಂಡಿಯಲ್ಲದ_ಗದಗಿನವ, ಜೂನ್ 9

ಅಕ್ಕಾ, ಅದಕ್ಕೆ ಬೇರೆ ಥ್ರೆಡ್ ಶುರು ಮಾಡಿ. ಮಂಗನ ವಿಷಯ ಇದರಲ್ಲಿ ಮುಗಿಯಲ್ಲ. ಮೊದಲು ಹೆಂಚಿನ ಹಿಂಭಾಗ ತಿರುಗಿಸಿ ಒಂದು ಫೋಟೋ ಹಾಕಿ, ಎಷ್ಟೋ ಹೆಂಚಿಗೆ ಹಿಂದೆ ತಂತಿ ಕಟ್ಟೋಕೆ ಚಿಕ್ಕ ಕೊಕ್ಕೆ ಇರುತ್ತೆ. ಫೋಟೋ ತೆಗೆಯೋಕೆ ಮೇಲೆ ಹತ್ತಬೇಡಿ, ಒಡೆದದ್ದು ಕೆಳಗೆ ಬಿದ್ದಿರುತ್ತಲ್ಲ, ಅದರದ್ದೇ ಸಾಕು.